ಹಸಿರಿಗೆ ಹೆದರುತ್ತೇವೆ, ಬಿಳಿಗೆ ಹೆದರುವುದಿಲ್ಲ

(ಎದೆಹಾಲು ಕುಡಿಯುವ ಕೂಸಿನ ಮಲದಲ್ಲಿ ಕಾಣುವ ಬದಲಾವಣೆಗಳು: ದತ್ತಿ ಉಪನ್ಯಾಸದ ಪಠ್ಯ)



ತಮ್ಮ ತಾಯಿಯ ಹೆಸರಿನಲ್ಲಿ ಇಟ್ಟ ಈ ದತ್ತಿಯ ಉಪನ್ಯಾಸಕ್ಕೆ ತಾಯಿ ಮಗುವಿನ ವಿಷಯವೇ ಇರಲಿ ಎಂಬುದು ದಾನಿಗಳ ಆಸೆ. ನಾನು ಆರಿಸಿಕೊಂಡಿರುವುದು ಕೂಸಿನ ಮಲ. ಇದು ಸಭೆಯಲ್ಲಿ ಆಡುವ ಮಾತೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಬಾಣಂತಿ ಇರುವ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೂ ನಡೆಯುವ ಮಾತು ಇದೇ. ಕೂಸು ಕಕ್ಕ ಮಾಡಿತೆ, ಎಷ್ಟು ಸಲ ಮಾಡಿತು, ನೀರಾಗಿ ಹೋಯಿತೆ, ಯಾವ ಬಣ್ಣ ಇತ್ತು? ಬಾಯಿ ಬಾರದ ಕೂಸಿನ ಹೊಟ್ಟೆಯ ಸುದ್ದಿ ತಿಳಿಯಲು ಮನೆಯವರಿಗೆ ಇರುವ ದಾರಿ ಇದೊಂದೇ.

ಮಕ್ಕಳ ವೈದ್ಯರಿಗೆ ಬರುವ ಫೋನುಗಳಲ್ಲಿ ಎಷ್ಟೋ ಇದರ ಬಗ್ಗೆಯೇ. "ಡಾಕ್ಟ್ರೇ, ನಿನ್ನೆಯಿಂದ ಹಸಿರಾಗಿ ಹೋಗ್ತಿದೆ." "ಆರು ದಿನ ಆಯ್ತು ಡಾಕ್ಟ್ರೇ, ಕಕ್ಕನೇ ಮಾಡಿಲ್ಲ." "ದಿನಕ್ಕೆ ಎಂಟು ಸಲ ಆಗ್ತಿದೆ, ನಿಲ್ಲೋಕೆ ಏನಾದ್ರೂ ಬರ್ಕೊಡಿ." ಇವುಗಳಲ್ಲಿ ಬಹುಪಾಲು ಕಾಯಿಲೆಯೇ ಅಲ್ಲ. ಆದರೆ "ಬಿಳಿಯಾಗಿ ಹೋಗ್ತಿದೆ" ಎಂದು ಗಾಬರಿಯಿಂದ ಫೋನ್ ಮಾಡಿದವರನ್ನು ನೆನಪಿಸಿಕೊಳ್ಳಲು ಕಷ್ಟಪಡಬೇಕು. ಜೀವಕ್ಕೆ ಕುತ್ತು ಇರುವುದು ಅಲ್ಲಿ. ಈ ಹೊತ್ತು ನಾನು ಹೇಳಬೇಕಾದದ್ದು ಇಷ್ಟೇ: ನಮ್ಮ ಹೆದರಿಕೆ ಇರಬೇಕಾದ ಜಾಗದಲ್ಲಿ ಇಲ್ಲ. ಅದನ್ನು ಸರಿಯಾದ ಜಾಗಕ್ಕೆ ತರಬೇಕು.

ಮೊದಲ ಐದು ದಿನ

ಹುಟ್ಟಿದ ಕೂಸಿನ ಮೊದಲ ಮಲ ಕಪ್ಪು ಹಸಿರು, ವಿಪರೀತ ಅಂಟು. ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಬಿಡದು. ವೈದ್ಯರು ಅದನ್ನು ಮೆಕೋನಿಯಂ ಎನ್ನುತ್ತಾರೆ. ಗರ್ಭದಲ್ಲಿದ್ದಾಗ ಕೂಸು ನುಂಗಿದ ನೀರು, ಮೈಯಿಂದ ಉದುರಿದ ಎಳೆಗೂದಲು, ಕರುಳಿನ ಒಳಪದರದಿಂದ ಕಳಚಿದ ಕಣಗಳು, ಲೋಳೆ, ಪಿತ್ತ ಎಲ್ಲವೂ ಅದರಲ್ಲಿ ಸೇರಿರುತ್ತವೆ. ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಕೂಸುಗಳಲ್ಲಿ ಹೆಚ್ಚಿನವು 24 ಗಂಟೆಯೊಳಗೆ, ಬಹುತೇಕ ಎಲ್ಲವೂ 48 ಗಂಟೆಯೊಳಗೆ ಇದನ್ನು ಹೊರಹಾಕುತ್ತವೆ.

ಎರಡು ದಿನ ಕಳೆದರೂ ಹೊರಬರದಿದ್ದರೆ ಕಾಯುತ್ತ ಕೂರುವಂತಿಲ್ಲ. ಕೋಪನ್‌ಹೇಗನ್‌ನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ 1886ರಲ್ಲಿ ಒಂದು ಕಾಯಿಲೆಯನ್ನು ವಿವರಿಸಿದ; ಅದಕ್ಕೆ ಅವನದೇ ಹೆಸರು ನಿಂತಿದೆ. ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಇರಬೇಕಾದ ನರಕೋಶಗಳು ಬೆಳೆದೇ ಇರುವುದಿಲ್ಲ. ಆ ಭಾಗ ಸಡಿಲಗೊಳ್ಳದೆ ಬಿಗಿದುಕೊಂಡೇ ಇರುತ್ತದೆ, ಮಲ ಅದರ ಹಿಂದೆ ತುಂಬಿಕೊಳ್ಳುತ್ತದೆ. ಸುಮಾರು 5,000 ಕೂಸುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಮುಂದೆ ತಿಂಗಳುಗಟ್ಟಲೆ "ಮಲಬದ್ಧತೆ" ಎಂದು ಮದ್ದು ಮಾಡಿಸಿಕೊಂಡು ಬಂದ ಮಗುವಿನ ವಿಷಯದಲ್ಲೂ ವೈದ್ಯರು ಮೊದಲು ಕೇಳುವ ಪ್ರಶ್ನೆ, ಹುಟ್ಟಿದಾಗ ಮೊದಲ ಮಲ ಎಂದು ಹೋಯಿತು ಎಂಬುದು.

ಮೂರು ನಾಲ್ಕನೆಯ ದಿನಕ್ಕೆ ಕಪ್ಪು ತಿಳಿಯಾಗಿ ಕಂದು ಹಸಿರಿಗೆ ತಿರುಗುತ್ತದೆ. ಐದನೆಯ ದಿನದ ಹೊತ್ತಿಗೆ ಅರಿಶಿನದ ಹಳದಿ ಬಂದಿರಬೇಕು. ತೆಳ್ಳಗೆ, ನಡುನಡುವೆ ಎಳ್ಳಿನ ಗಾತ್ರದ ಬಿಳಿ ಕಣಗಳು, ಸ್ವಲ್ಪ ಹುಳಿ ವಾಸನೆ. ಇಂಥ ಮಲ ದಿನಕ್ಕೆ ಮೂರು ನಾಲ್ಕು ಸಲವಾದರೂ ಆಗಬೇಕು, ಆರು ಸಲವಾದರೂ ಮೂತ್ರ ಹೋಗಬೇಕು. ಐದನೆಯ ದಿನವೂ ಕಪ್ಪೇ ಇದ್ದರೆ ಕೂಸಿನ ಹೊಟ್ಟೆಗೆ ಹಾಲು ಸಾಲುತ್ತಿಲ್ಲ ಎಂದು ತಿಳಿಯಬೇಕು. ಅಲ್ಲಿ ಬೇಕಾಗಿರುವುದು ಮದ್ದಲ್ಲ. ಕೂಸು ಮೊಲೆಯನ್ನು ಸರಿಯಾಗಿ ಬಾಯ್ತುಂಬ ಹಿಡಿಯುತ್ತಿದೆಯೇ ಎಂದು ಪಕ್ಕದಲ್ಲಿ ಕುಳಿತು ನೋಡುವವರು ಬೇಕು, ತೂಕ ನೋಡುವ ತಕ್ಕಡಿ ಬೇಕು.

ಹಳದಿ ಎಲ್ಲಿಂದ ಬಂತು?

ರಕ್ತದ ಹಳೆಯ ಕೆಂಪು ಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ಬಣ್ಣ ಹುಟ್ಟುತ್ತದೆ. ಪಿತ್ತಜನಕಾಂಗ, ನಾವು ದಿನಬಳಕೆಯಲ್ಲಿ ಲಿವರ್ ಎನ್ನುವುದು, ಅದನ್ನು ಹದಗೊಳಿಸಿ ಪಿತ್ತದ ಜೊತೆ ನಾಳದ ಮೂಲಕ ಕರುಳಿಗೆ ಇಳಿಸುತ್ತದೆ. ದೊಡ್ಡವರ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಕಂದು ಬಣ್ಣಕ್ಕೆ ತಿರುಗಿಸುತ್ತವೆ. ಎದೆಹಾಲಿನ ಕೂಸಿನ ಕರುಳಿನಲ್ಲಿ ಆ ಬ್ಯಾಕ್ಟೀರಿಯಾಗಳು ಇನ್ನೂ ನೆಲೆ ನಿಂತಿರುವುದಿಲ್ಲ. ಹಾಗಾಗಿ ಹಳದಿ ಹಳದಿಯಾಗಿಯೇ ಹೊರಬರುತ್ತದೆ. ಮಲಕ್ಕೆ ಬಣ್ಣ ಕೊಡುವುದು ಪಿತ್ತ ಎಂಬ ಒಂದು ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಬಿಳಿಯ ಮಾತು ಬಂದಾಗ ಇದು ಬೇಕಾಗುತ್ತದೆ.

ಕೂಸಿನ ಮಲ ವಿಜ್ಞಾನಕ್ಕೆ ಕೊಟ್ಟದ್ದು ಕಡಿಮೆಯಲ್ಲ. ಮ್ಯೂನಿಕ್‌ನಲ್ಲಿ ಥಿಯೋಡರ್ ಎಷರಿಶ್ ಎಂಬ ಮಕ್ಕಳ ವೈದ್ಯ ನವಜಾತ ಶಿಶುಗಳ ಮಲವನ್ನು ಸೂಕ್ಷ್ಮದರ್ಶಕದಡಿ ನೋಡುತ್ತ 1885ರಲ್ಲಿ ಒಂದು ಬ್ಯಾಕ್ಟೀರಿಯಾ ಗುರುತಿಸಿದ. ಇವತ್ತು ಜಗತ್ತಿನ ಪ್ರತಿ ಪ್ರಯೋಗಾಲಯದಲ್ಲೂ ಇರುವ ಇ-ಕೋಲೈ ಅದೇ. 1899ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಹೆನ್ರಿ ಟಿಸಿಯೆ ಎದೆಹಾಲಿನ ಕೂಸಿನ ಮಲದಲ್ಲಿ ಕವಲೊಡೆದ ಆಕಾರದ ಇನ್ನೊಂದನ್ನು ಕಂಡ, ಅದು ಬಿಫಿಡೊಬ್ಯಾಕ್ಟೀರಿಯಂ. ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಹೆಚ್ಚು ಇರುವ ಘನಾಂಶ ಒಂದು ಬಗೆಯ ಸಕ್ಕರೆ ಸರಪಳಿಗಳು. ಕೂಸಿಗೆ ಅವು ಜೀರ್ಣವಾಗುವುದಿಲ್ಲ. ತಾಯಿಯ ಮೈ ಇಷ್ಟು ಕಷ್ಟಪಟ್ಟು ಅವನ್ನು ಏಕೆ ತಯಾರಿಸುತ್ತದೆ ಎಂದರೆ, ಅವು ಬಿಫಿಡೊಬ್ಯಾಕ್ಟೀರಿಯಾಗಳ ಆಹಾರ. ಈ ಬ್ಯಾಕ್ಟೀರಿಯಾಗಳು ಅವನ್ನು ಉಂಡು ಕರುಳನ್ನು ಹುಳಿಯಾಗಿಡುತ್ತವೆ, ಆ ಹುಳಿಯಲ್ಲಿ ರೋಗಾಣುಗಳು ಬೇರೂರುವುದು ಕಷ್ಟ. ತೆಳ್ಳಗಿನ, ಹುಳಿ ವಾಸನೆಯ ಆ ಮಲ ಭೇದಿಯಲ್ಲ. ಹಾಲು ತನ್ನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ.

ನಮ್ಮ ಬೆಂಗಳೂರಿನ ಕೂಸುಗಳೂ ಈ ಕಥೆಯಲ್ಲಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಬೆಂಗಳೂರಿನ ನವಜಾತ ಶಿಶುಗಳ ಮಲದಲ್ಲಿ ಭೇದಿ ತರುವ ರೋಟಾವೈರಸ್‌ನ ಐ321 ಎಂಬ ತಳಿಯನ್ನು ಕಂಡರು. ಆ ಕೂಸುಗಳಿಗೆ ಭೇದಿಯೇ ಇರಲಿಲ್ಲ. ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್ ಅವರ ತಂಡಕ್ಕೆ ಇಂಥದ್ದೇ 116ಇ ಎಂಬ ತಳಿ ಸಿಕ್ಕಿತು. ವೈರಸ್ ಇದ್ದೂ ಕಾಯಿಲೆ ಮಾಡದ ಈ ತಳಿಗಳೇ ಲಸಿಕೆ ಆಗಬಾರದೇಕೆ ಎಂದು ಎರಡನ್ನೂ ಪರೀಕ್ಷೆಗೆ ಒಡ್ಡಿದರು. ದೆಹಲಿಯ ತಳಿ ಮುಂದೆ ಹೋಗಿ 2014ರಲ್ಲಿ ಪರವಾನಗಿ ಪಡೆದ ರೋಟಾವ್ಯಾಕ್ ಆಯಿತು. 2016ರಿಂದ ರೋಟಾವೈರಸ್ ಹನಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಈಗ ನಮ್ಮ ಕೂಸುಗಳಿಗೆ 6, 10 ಮತ್ತು 14ನೆಯ ವಾರಗಳಲ್ಲಿ ರೋಟಾವೈರಸ್ ಹನಿ ಹಾಕುತ್ತಾರೆ.

ಹಸಿರು

ಹಳದಿ ಬಿಲಿರುಬಿನ್‌ಗೆ ಗಾಳಿ ತಗುಲಿದರೆ ಅದು ಹಸಿರಾಗುತ್ತದೆ. ಬೆಳಿಗ್ಗೆ ಹಳದಿಯಾಗಿ ಕಂಡ ಬಟ್ಟೆಯನ್ನು ಒಗೆಯದೆ ಬಚ್ಚಲ ಮೂಲೆಯಲ್ಲಿ ಬಿಟ್ಟು ಮಧ್ಯಾಹ್ನ ನೋಡಿದರೆ ಅಂಚೆಲ್ಲ ಹಸಿರು. ಕೆಲಸದಿಂದ ಬಂದ ಅಜ್ಜಿ ಅದನ್ನು ನೋಡಿ "ಕೂಸಿಗೆ ಶೀತ ಆಗಿದೆ, ನೀನು ಮೊಸರು ತಿಂದೆಯಾ?" ಎಂದು ಬಾಣಂತಿಯನ್ನು ವಿಚಾರಿಸಿಕೊಳ್ಳುವುದು ಅಲ್ಲಿಂದ ಶುರು.

ಕರುಳಿನಲ್ಲಿ ಹಾಲು ಬೇಗ ಸಾಗಿದರೂ ಹಸಿರು ಬರುತ್ತದೆ. ಕಾಮಾಲೆಗೆ ನೀಲಿ ದೀಪದ ಕೆಳಗೆ ಇಟ್ಟ ಕೂಸು ಹಸಿರಾಗಿ, ತೆಳ್ಳಗೆ ಮಾಡುತ್ತದೆ. ಕಡಿಮೆ ತೂಕದ ಕೂಸಿಗೆ ಕಬ್ಬಿಣಾಂಶದ ಹನಿ ಹಾಕುತ್ತಿದ್ದರೆ ಮಲ ಕಡುಹಸಿರು ಅಥವಾ ಕಪ್ಪು. ಒಂದು ಕಡೆಯ ಹಾಲು ಪೂರ್ತಿ ಕುಡಿಯುವ ಮೊದಲೇ ಪದೇ ಪದೇ ಇನ್ನೊಂದು ಕಡೆಗೆ ಬದಲಿಸಿದರೆ ಮೊದಲು ಬರುವ ತೆಳುಹಾಲೇ ಹೆಚ್ಚು ಹೊಟ್ಟೆಗೆ ಹೋಗಿ ನೊರೆನೊರೆಯಾದ ಹಸಿರು ಕಾಣಬಹುದು. ಒಂದು ಕಡೆ ಮುಗಿದ ಮೇಲೆ ಇನ್ನೊಂದು ಕಡೆ ಕೊಟ್ಟರೆ ಅದು ಸರಿಹೋಗುತ್ತದೆ. ಕೂಸು ಚೆನ್ನಾಗಿ ಕುಡಿಯುತ್ತ, ಮೂತ್ರ ಮಾಡುತ್ತ, ತೂಕ ಏರುತ್ತ ಇದ್ದರೆ ಹಸಿರಿಗೆ ಮದ್ದು ಬೇಡ.

ಕೂಸಿನ ಹೊಟ್ಟೆಯಲ್ಲಿ ಏನೇ ಆದರೂ ತಾಯಿಯ ಹಾಲನ್ನು ದೂರುವುದು ಹಳೆಯ ಅಭ್ಯಾಸ. ಶುದ್ಧವಾದ ಸ್ತನ್ಯ ನೀರಿನಲ್ಲಿ ಬೆರೆಯಬೇಕು ಎಂಬ ಪರೀಕ್ಷೆ ಚರಕ, ಸುಶ್ರುತ ಸಂಹಿತೆಗಳಲ್ಲೇ ಇದೆ. ಆ ಕಾಲಕ್ಕೆ ಅದು ಗಮನವಿಟ್ಟು ನೋಡುವ ಪ್ರಯತ್ನ. ಇವತ್ತು ಅದರ ಉಳಿಕೆ ಬಾಣಂತಿಯ ತಟ್ಟೆಯ ಮೇಲೆ ಬೀಳುತ್ತಿದೆ: ಸೊಪ್ಪು ಬೇಡ, ಹಣ್ಣು ಬೇಡ, ನೀರು ಜಾಸ್ತಿ ಬೇಡ. ತಾಯಿ ಸೊರಗುತ್ತಾಳೆ, ಕೂಸಿನ ಮಲ ಮಾತ್ರ ತನ್ನ ಪಾಡಿಗೆ ಹಸಿರಾಗಿಯೇ ಇರುತ್ತದೆ.

ಹಾಗಾದರೆ ಎದೆಹಾಲಿನ ಕೂಸಿಗೆ ಭೇದಿ ಆಗುವುದೇ ಇಲ್ಲವೆ? ಆಗುತ್ತದೆ. ಅದನ್ನು ಬಣ್ಣದಿಂದ ಅಳೆಯಬಾರದು, ಆ ಕೂಸಿನ ರೂಢಿಯಿಂದ ಅಳೆಯಬೇಕು. ದಿನಕ್ಕೆ ಆರು ಸಲ ಮಾಡುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಹದಿನೈದು ಸಲ, ಬರೀ ನೀರಾಗಿ, ಕೆಟ್ಟ ವಾಸನೆಯಿಂದ ಹೋಗತೊಡಗಿದರೆ, ಜೊತೆಗೆ ಜ್ವರ, ವಾಂತಿ, ಮಂಕು ಇದ್ದರೆ, ಮೂತ್ರ ಕಡಿಮೆಯಾದರೆ ಅದು ಭೇದಿ. ಆಗ ಎದೆಹಾಲು ನಿಲ್ಲಿಸಬಾರದು, ಇನ್ನೂ ಹೆಚ್ಚು ಸಲ ಕೊಡಬೇಕು. ಓಆರ್‌ಎಸ್ ಮತ್ತು ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ ಜಿಂಕ್ ಅನ್ನು 14 ದಿನ ಕೊಡುವುದು ಪದ್ಧತಿ. ಅದನ್ನು ವೈದ್ಯರ ಸಲಹೆಯಂತೆ ಕೊಡಿ. ಎರಡು ತಿಂಗಳೊಳಗಿನ ಕೂಸಿಗೆ ಭೇದಿ ಎಂದರೆ ಮನೆಮದ್ದಿನ ಮಾತೇ ಇಲ್ಲ, ನೇರ ಆಸ್ಪತ್ರೆ.

ಎಷ್ಟು ದಿನಕ್ಕೊಮ್ಮೆ?

ಮೊದಲ ತಿಂಗಳಲ್ಲಿ ಹಾಲು ಕುಡಿದ ಕೂಡಲೇ ಕಕ್ಕ. ಹೊಟ್ಟೆ ತುಂಬಿದಾಗ ಕರುಳು ಚಲಿಸುವುದು ಸಹಜವಾದ ಪ್ರತಿಕ್ರಿಯೆ. ಸುಮಾರು ಆರು ವಾರ ಕಳೆದ ಮೇಲೆ ಅದೇ ಕೂಸು ನಾಲ್ಕು ದಿನ, ವಾರ, ಕೆಲವೊಮ್ಮೆ ಹತ್ತು ದಿನ ಸುಮ್ಮನಿದ್ದುಬಿಡುತ್ತದೆ. ಎದೆಹಾಲು ಬಹುತೇಕ ಪೂರ್ತಿ ಮೈಗೆ ಹತ್ತುವುದರಿಂದ ಹೊರಹಾಕಲು ಹೆಚ್ಚೇನೂ ಉಳಿದಿರುವುದಿಲ್ಲ. ಕೊನೆಗೆ ಮಾಡಿದಾಗ ಅದು ಮೆತ್ತಗಿದ್ದರೆ ಅದು ಮಲಬದ್ಧತೆಯಲ್ಲ. ಮುಖ ಕೆಂಪಗೆ ಮಾಡಿಕೊಂಡು ಹತ್ತು ನಿಮಿಷ ಮುಕ್ಕಿ, ಅತ್ತು, ಆಮೇಲೆ ಮೆತ್ತಗೆ ಮಾಡಿದರೂ ಕಾಯಿಲೆಯಲ್ಲ. ಮುಕ್ಕುವಾಗ ಕೆಳಗಿನ ಸ್ನಾಯುವನ್ನು ಸಡಿಲ ಬಿಡಬೇಕು ಎಂಬುದನ್ನು ಕೂಸು ಇನ್ನೂ ಕಲಿಯುತ್ತಿದೆ.

ಇಲ್ಲೊಂದು ಎಚ್ಚರ. ಎರಡು ತಿಂಗಳ ಕೂಸು ಐದು ದಿನ ಮಾಡದಿರುವುದೂ ಐದು ದಿನದ ಕೂಸು ಒಂದು ದಿನ ಮಾಡದಿರುವುದೂ ಒಂದೇ ಅಲ್ಲ. ಎರಡನೆಯದರಲ್ಲಿ ಹಾಲು ಸಾಲದಿರಬಹುದು. ಯಾವ ಮಾತಿಗೂ ಮೊದಲು ಕೂಸಿನ ವಯಸ್ಸು ಕೇಳಬೇಕು. ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ, ಹಸಿರು ವಾಂತಿಯಾದರೆ, ಹಾಲು ಬಿಟ್ಟರೆ ವಯಸ್ಸು ಎಷ್ಟೇ ಇರಲಿ ತಡಮಾಡಬಾರದು.

ನಮ್ಮ ಮನೆಗಳಲ್ಲಿ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಗುದಕ್ಕೆ ಇಡುತ್ತಾರೆ. ಕೂಡಲೇ ಮಲ ಬರುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಎಳೆಯ ಚರ್ಮ ಗೀರಿ ರಕ್ತ ಬರಬಹುದು. ಹಿರ್ಷ್‌ಸ್ಪ್ರುಂಗ್ ಕಾಯಿಲೆ ಇರುವ ಕೂಸಿನಲ್ಲಿ ಹೀಗೆ ದಿನ ದೂಡಿ ರೋಗ ಮುಚ್ಚಿಹೋಗುತ್ತದೆ. ಬಜೆ, ಜಾಯಿಕಾಯಿ ತೇಯ್ದು ಜೇನಿನಲ್ಲಿ ನೆಕ್ಕಿಸುವುದಂತೂ ಬೇಡವೇ ಬೇಡ. ಜೇನಿನಲ್ಲಿ ಬಾಟುಲಿನಂ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು. ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಅವು ಮೊಳೆತು ನರಗಳನ್ನು ಸೋಲಿಸುವ ವಿಷ ಮಾಡುತ್ತವೆ. ಆ ಕಾಯಿಲೆಯ ಮೊದಲ ಗುರುತೇ ಮಲ ನಿಲ್ಲುವುದು. ಮಲ ಸಡಿಲವಾಗಲಿ ಎಂದು ನೆಕ್ಕಿಸಿದ ಜೇನು ಮಲವನ್ನೇ ಕಟ್ಟಬಹುದು.

ಕೆಂಪು

ರಕ್ತ ಕಂಡರೆ ಯಾರೂ ಸುಮ್ಮನಿರುವುದಿಲ್ಲ, ಇರಲೂಬಾರದು. ಆದರೂ ಎಲ್ಲ ಕೆಂಪೂ ಒಂದೇ ಅಲ್ಲ. ತಾಯಿಯ ಮೊಲೆತೊಟ್ಟು ಬಿರಿದಿದ್ದರೆ ಕೂಸು ನುಂಗಿದ ಅವಳದೇ ರಕ್ತ ಹೊರಬರಬಹುದು. 1955ರಲ್ಲಿ ಲಿಯೊನಾರ್ಡ್ ಆಪ್ಟ್ ಇದಕ್ಕೊಂದು ಸರಳ ಪರೀಕ್ಷೆ ಕೊಟ್ಟ: ಕ್ಷಾರ ಹಾಕಿದರೆ ತಾಯಿಯ ರಕ್ತ ಕಂದಾಗುತ್ತದೆ, ನವಜಾತ ಕೂಸಿನದು ಗುಲಾಬಿಯಾಗಿಯೇ ಉಳಿಯುತ್ತದೆ.

ಕೂಸು ಆರಾಮಾಗಿದ್ದು, ಲೋಳೆಯ ಜೊತೆ ಆಗಾಗ ರಕ್ತದ ಗೆರೆ ಕಂಡರೆ ಹಸುವಿನ ಹಾಲಿನ ಪ್ರೋಟೀನ್ ಒಗ್ಗದಿರುವ ಸಾಧ್ಯತೆ ಇದೆ. ತಾಯಿ ಕುಡಿದ ಹಾಲಿನ ಪ್ರೋಟೀನಿನ ಅಲ್ಪಾಂಶ ಅವಳ ಎದೆಹಾಲಿನಲ್ಲಿ ಬರುತ್ತದೆ. ಬಾಣಂತಿಗೆ ಹಾಲು, ಮೊಸರು, ಖೋವಾದ ಸಿಹಿ ಧಾರಾಳವಾಗಿ ಕೊಡುವ ನಮ್ಮಲ್ಲಿ ಇವನ್ನು ಬಿಡಿಸುವುದು ಸಣ್ಣ ಮಾತಲ್ಲ. ವೈದ್ಯರು ಹೇಳಿದರೆ ಮಾತ್ರ ಎರಡರಿಂದ ನಾಲ್ಕು ವಾರ ಬಿಟ್ಟು ನೋಡಬೇಕು, ಸುಣ್ಣದಂಶಕ್ಕೆ ರಾಗಿ, ಮಾತ್ರೆ ಇವುಗಳ ಆಸರೆ ಬೇಕು. ಬಿಡಬೇಕಾದದ್ದು ಹಸುವಿನ ಹಾಲು, ಎದೆಹಾಲಲ್ಲ.

ಓಡಬೇಕಾದ ಕೆಂಪು ಎರಡು. ಐದಾರು ತಿಂಗಳ ದುಂಡಗಿನ ಕೂಸು ಇದ್ದಕ್ಕಿದ್ದಂತೆ ಕಾಲು ಮಡಚಿ ಚೀರಿ, ಕೆಲ ನಿಮಿಷ ಸುಮ್ಮನಾಗಿ, ಮತ್ತೆ ಚೀರಿ, ವಾಂತಿ ಮಾಡಿ, ಮಂಕಾಗಿ, ಕೆಂಪು ಲೋಳೆ ಹಾಕಿದರೆ ಕರುಳಿನೊಳಗೆ ಕರುಳು ತೂರಿಕೊಂಡಿರಬಹುದು. ಬೇಗ ಬಂದರೆ ಹೆಚ್ಚಿನವನ್ನು ಗುದದ ಮೂಲಕ ಗಾಳಿ ಅಥವಾ ದ್ರವ ತುಂಬಿಯೇ ಸರಿಪಡಿಸಬಹುದು, ತಡವಾದರೆ ಹೊಟ್ಟೆ ಕೊಯ್ಯಬೇಕು. ಎರಡನೆಯದು ವಿಟಮಿನ್ ಕೆ ಕೊರತೆಯ ರಕ್ತಸ್ರಾವ. ಎದೆಹಾಲಿನಲ್ಲಿ ಈ ವಿಟಮಿನ್ ತೀರ ಕಡಿಮೆ. ಹುಟ್ಟಿದ ಕೂಡಲೇ ತೊಡೆಗೆ ಹಾಕುವ ಆ ಸಣ್ಣ ಇಂಜೆಕ್ಷನ್ ತಪ್ಪಿದ್ದರೆ ಎರಡರಿಂದ ಹನ್ನೆರಡು ವಾರದೊಳಗೆ ಮಲದಲ್ಲಿ, ಹೊಕ್ಕುಳಲ್ಲಿ, ಕೆಲವೊಮ್ಮೆ ಮಿದುಳಿನಲ್ಲೇ ರಕ್ತ ಒಸರಬಹುದು.

ಬಿಳಿ

ಲಸಿಕೆಗೆಂದು ಎರಡೂವರೆ ತಿಂಗಳ ಕೂಸನ್ನು ಕರೆತಂದಿದ್ದರು. ಗುಂಡಗಿದೆ, ನಗುತ್ತಿದೆ. ಕಣ್ಣಿನ ಬಿಳಿಯಲ್ಲಿ ತೆಳು ಹಳದಿ. "ಹುಟ್ಟಿದಾಗಿನ ಕಾಮಾಲೆ ಡಾಕ್ಟ್ರೇ, ಎದೆಹಾಲಿಂದ ಅಂತ ಹೇಳಿದ್ರು. ಎಳೆಬಿಸಿಲಿಗೆ ಹಿಡೀತಾ ಇದೀವಿ" ಎಂದರು ಅಜ್ಜಿ. ಇಂಜೆಕ್ಷನ್‌ಗೆ ಲಂಗೋಟಿ ಬಿಚ್ಚಿದಾಗ ಒಳಗಿದ್ದದ್ದು ಮಾಸಲು ಬಿಳಿ, ಸೀಮೆಸುಣ್ಣ ನೆನೆಸಿಟ್ಟ ಬಣ್ಣ. ಅದೇ ಬಟ್ಟೆಯ ಮುಂಭಾಗದಲ್ಲಿ ಮೂತ್ರದ ಕಡುಹಳದಿ ಕಲೆ. "ಯಾವಾಗಿಂದ ಹೀಗೆ?" ಎಂದರೆ, "ಮೊದಲಿಂದ್ಲೂ ಹೀಗೇ. ಹಾಲು ಕುಡಿಯೋ ಕೂಸು ಅಲ್ವಾ, ಬೆಳ್ಳಗೇ ಮಾಡುತ್ತೆ." ಆ ಮಾತಿನಲ್ಲಿ ಆತಂಕದ ಸುಳಿವೂ ಇರಲಿಲ್ಲ.

ಇದು ಬಿಲಿಯರಿ ಅಟ್ರೀಸಿಯಾ, ಅಂದರೆ ಲಿವರಿನಿಂದ ಕರುಳಿಗೆ ಪಿತ್ತ ಒಯ್ಯುವ ನಾಳ ಹುಟ್ಟಿದ ಕೆಲ ವಾರಗಳಲ್ಲೇ ಮುಚ್ಚಿಹೋಗುವ ಕಾಯಿಲೆ. ಪಿತ್ತ ಇಳಿಯದಿದ್ದರೆ ಮಲಕ್ಕೆ ಬಣ್ಣವಿಲ್ಲ. ಆ ಬಣ್ಣ ರಕ್ತಕ್ಕೆ ಮರಳಿ ಕಣ್ಣಿಗೆ, ಮೂತ್ರಕ್ಕೆ ಬರುತ್ತದೆ. ಒಳಗೆ ನಿಂತ ಪಿತ್ತ ಲಿವರನ್ನು ಗಟ್ಟಿಗೊಳಿಸುತ್ತ ಹೋಗುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಹೆಚ್ಚಿನ ಮಕ್ಕಳು ಎರಡು ವರ್ಷ ದಾಟುವುದಿಲ್ಲ.

ಜಪಾನಿನ ಸೆಂಡಾಯ್‌ನಲ್ಲಿ ಮೊರಿಯೊ ಕಸಾಯ್ ಎಂಬ ಶಸ್ತ್ರವೈದ್ಯ 1955ರಲ್ಲಿ, ಮುಚ್ಚಿದ ನಾಳವನ್ನು ತೆಗೆದು ಕರುಳಿನ ಒಂದು ಕುಣಿಕೆಯನ್ನು ನೇರವಾಗಿ ಲಿವರಿನ ಬುಡಕ್ಕೆ ಜೋಡಿಸಿದ. ಪಿತ್ತ ಹರಿಯಿತು. ಇಂದಿಗೂ ಮೊದಲ ಚಿಕಿತ್ಸೆ ಇದೇ. ಇದು ಫಲಿಸದಿದ್ದರೆ ಉಳಿಯುವುದು ಲಿವರ್ ಕಸಿ. ಕಸಾಯ್ ಶಸ್ತ್ರಚಿಕಿತ್ಸೆ ಚೆನ್ನಾಗಿ ಫಲಿಸುವುದು ಕೂಸಿಗೆ 60 ದಿನ ತುಂಬುವ ಮೊದಲು. ಆಮೇಲೆ ಒಂದೊಂದು ವಾರವೂ ನಷ್ಟ.

ಗೊಂದಲ ಹುಟ್ಟುವುದು ಎಲ್ಲಿ ಎಂದರೆ, ಎದೆಹಾಲಿನ ಕೂಸುಗಳಲ್ಲಿ ಅಪಾಯವಿಲ್ಲದ ಕಾಮಾಲೆಯೂ ಒಂದೂವರೆ ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು, ಉಳಿಯುತ್ತದೆ. ಇಂಥ ಕೂಸೂ ನಾಳ ಮುಚ್ಚಿದ ಕೂಸೂ ಚೆನ್ನಾಗಿಯೇ ಕುಡಿಯುತ್ತವೆ, ಮೊದಲಿಗೆ ತೂಕವೂ ಏರುತ್ತದೆ. ಬಟ್ಟೆ ಬಿಚ್ಚಿ ನೋಡಿದರೆ ಮಾತ್ರ ಬೇರೆ ಬೇರೆ: ಒಂದರಲ್ಲಿ ಮಲ ಹಳದಿ, ಮೂತ್ರ ನೀರಿನಂತೆ, ಇನ್ನೊಂದರಲ್ಲಿ ಮಲ ಮಾಸಲು, ಮೂತ್ರ ಹಳದಿ. ಎರಡು ವಾರ ದಾಟಿದ ಕಾಮಾಲೆಗೆ ಡೈರೆಕ್ಟ್ ಬಿಲಿರುಬಿನ್ ಎಂಬ ರಕ್ತಪರೀಕ್ಷೆ ಮಾಡಿಸಲೇಬೇಕು. ಮಲ ಮಾಸಲಾಗಿದ್ದರೆ ಎರಡು ವಾರವನ್ನೂ ಕಾಯಬೇಕಿಲ್ಲ. ಬಿಸಿಲಿಗೆ ಹಿಡಿದರೆ ಮುಚ್ಚಿದ ನಾಳ ತೆರೆಯುವುದಿಲ್ಲ.

ನಮ್ಮ ಕೈಲಿ ಆಗುವುದು

1990ರ ದಶಕದಲ್ಲಿ ಜಪಾನಿನ ತೊಚಿಗಿ ಪ್ರಾಂತದಲ್ಲಿ ಅಕಿರಾ ಮತ್ಸುಯಿ ಮತ್ತು ಸಂಗಡಿಗರು ಒಂದು ಚಿಕ್ಕ ಕಾರ್ಡ್ ಮಾಡಿದರು. ಅದರಲ್ಲಿ ಮಲದ ಬಣ್ಣಗಳ ಚಿತ್ರ. ತಾಯಿ ಹೋಲಿಸಿ ನೋಡಬೇಕು, ಮಾಸಲು ಕಂಡರೆ ತಿಳಿಸಬೇಕು. ತೈವಾನ್ ಅದನ್ನು 2004ರಲ್ಲಿ ದೇಶಕ್ಕೆಲ್ಲ ಹರಡಿತು, ತಾಯಿಗೆ ಕೊಡುವ ಆರೋಗ್ಯ ಪುಸ್ತಕದಲ್ಲೇ ಅಂಟಿಸಿತು. ಅಲ್ಲಿ 60 ದಿನದೊಳಗೆ ಶಸ್ತ್ರಚಿಕಿತ್ಸೆ ಆಗುತ್ತಿದ್ದ ಮಕ್ಕಳ ಪ್ರಮಾಣ ಸುಮಾರು ಅರ್ಧದಿಂದ ಮೂರನೇ ಎರಡು ಭಾಗಕ್ಕೆ ಏರಿತು. ಯಂತ್ರವಿಲ್ಲ, ಸೂಜಿಯಿಲ್ಲ, ಒಂದು ಅಚ್ಚಾದ ಹಾಳೆ. 2012ರಲ್ಲಿ ಜಪಾನ್ ಕೂಡ ಅದನ್ನು ದೇಶದ ತಾಯಿ–ಮಗು ಕೈಪಿಡಿಗೆ ಸೇರಿಸಿತು.

ನಮ್ಮಲ್ಲಿ ತಾಯಿ ಕಾರ್ಡ್ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನ ಮನೆಗೇ ಹೋಗುತ್ತಾರೆ. ಆ ಆರು ಭೇಟಿಗಳೂ 60 ದಿನದ ಒಳಗೇ ಇವೆ. ಹದಿನಾಲ್ಕನೆಯ ದಿನದಿಂದ ನಾಲ್ಕು ಸಲ ಒಂದೇ ಒಂದು ಕೆಲಸ ಹೆಚ್ಚಿಗೆ ಮಾಡಿದರೆ ಸಾಕು: "ಅಕ್ಕಾ, ಕೂಸಿನ ಬಟ್ಟೆ ತೋರಿಸಿ" ಎಂದು ಕೇಳಿ, ಅದನ್ನು ಬಾಗಿಲ ಬೆಳಕಿಗೆ ತಂದು ನೋಡುವುದು. ಬಣ್ಣದ ಬಲ್ಬಿನಡಿ ಬೇಡ. ಮಾಸಲು ಅನಿಸಿದರೆ ಮೊಬೈಲಿನಲ್ಲಿ ಫೋಟೋ ತೆಗೆದು ಆ ದಿನವೇ ವೈದ್ಯಾಧಿಕಾರಿಗೆ ಕಳಿಸುವುದು. ತಾಯಿ ಕಾರ್ಡಿನ ಒಂದು ಪುಟದಲ್ಲಿ ಆ ಬಣ್ಣಗಳನ್ನು ಅಚ್ಚು ಹಾಕಿಸಲು ಆಗುವ ಖರ್ಚು ಒಂದು ಲಿವರ್ ಕಸಿಯ ಖರ್ಚಿನ ಮುಂದೆ ಲೆಕ್ಕಕ್ಕೇ ಇಲ್ಲ. ಇಲ್ಲಿರುವ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇದು.

ಮನೆಯ ಹಿರಿಯರಲ್ಲಿಯೂ ಒಂದು ಬೇಡಿಕೆ ಇದೆ. ನೀವು ದಿನವೂ ಆ ಬಟ್ಟೆ ಒಗೆಯುವವರು. ವೈದ್ಯರು ತಿಂಗಳಿಗೊಮ್ಮೆ ನೋಡುವುದನ್ನು ನೀವು ದಿನಕ್ಕೆ ನಾಲ್ಕು ಸಲ ನೋಡುತ್ತೀರಿ. ಹಸಿರು ಕಂಡರೆ ಸೊಸೆಯ ತಟ್ಟೆಗೆ ಕೈ ಹಾಕಬೇಡಿ, ಕೂಸು ಚೆನ್ನಾಗಿದ್ದರೆ ಸುಮ್ಮನೆ ಒಗೆದು ಒಣಗಲು ಹಾಕಿ. ಬಿಳಿ ಕಂಡರೆ ಒಗೆಯಬೇಡಿ, ಹಾಗೆಯೇ ಕವರಿನಲ್ಲಿ ಕಟ್ಟಿ ಅವತ್ತೇ ಆಸ್ಪತ್ರೆಗೆ ತನ್ನಿ. "ಇಷ್ಟಕ್ಕೆಲ್ಲ ಬರ್ತಾರಾ?" ಎಂದು ಯಾರಾದರೂ ನಕ್ಕರೆ, ನಗಲಿ.